ಬೇರಿನ ಕೆಲಸ ಭಾಷಣ ಕೇಳಿದರೆ ಬರುತ್ತದೆಯೇ?

ಹಲ್ಲುನೋವಿಗೆ ಜಾತಿಯಿಲ್ಲ, ಪಕ್ಷವಿಲ್ಲ. ಮಂಡಿಪೇಟೆಯ ಸಾಹುಕಾರರಿಗೂ ಬರುತ್ತದೆ, ಅವರ ಅಂಗಡಿ ಮುಂದೆ ಮೂಟೆ ಇಳಿಸುವ ಹಮಾಲನಿಗೂ ಬರುತ್ತದೆ. ರಾತ್ರಿ ಎರಡು ಗಂಟೆಗೆ ಲವಂಗ ಕಚ್ಚಿಕೊಂಡು ಗೋಡೆಗೆ ಒರಗಿ ಕೂತವನು ಬೆಳಿಗ್ಗೆ ಜಗಳೂರಿನಿಂದಲೋ ಹರಪನಹಳ್ಳಿಯಿಂದಲೋ ಮೊದಲ ಬಸ್ಸು ಹತ್ತಿ ದಾವಣಗೆರೆಗೆ ಬರುತ್ತಾನೆ. ಡಾಕ್ಟರು ಬಾಯಿಗೆ ಬೆಳಕು ಬಿಟ್ಟು ನೋಡಿ "ರೂಟ್ ಕೆನಾಲ್ ಆಗಬೇಕು" ಅಂತಾರೆ. ಇವನು ಕೇಳುವುದು ಒಂದೇ ಪ್ರಶ್ನೆ: "ಎಷ್ಟಾಗ್ತದೆ ಸಾರ್?" ಚೌಕಾಸಿ ಮಾಡಿ ಐನೂರು ಕಡಿಮೆ ಮಾಡಿಸಿಕೊಂಡರೆ ಗೆದ್ದೆ ಅಂದುಕೊಳ್ಳುತ್ತಾನೆ.

ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಈ ಕೆಲಸವನ್ನು ಡಾಕ್ಟರು ಕೈಯಲ್ಲಿ ಮಾಡಿ ಕಲಿತದ್ದು ಎಲ್ಲಿ? ಎಷ್ಟು ದವಡೆ ಹಲ್ಲಿನ ಮೇಲೆ? ಕಾಲೇಜು ಬಿಟ್ಟ ಮೇಲೆ ಮತ್ತೆ ಕಲಿತದ್ದು ಯಾವಾಗ? ಯಾರೂ ಕೇಳುವುದಿಲ್ಲ. ಕೇಳಿದರೆ ಡಾಕ್ಟರಿಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಸೂಜಿ ಜೋರಾಗಿ ಚುಚ್ಚುತ್ತಾರೆ ಅಂತ ಭಯ! ಸ್ಕೂಟರ್ ರಿಪೇರಿಗೆ ಬಿಡುವಾಗ ಮಾತ್ರ "ಈ ಹುಡುಗನಿಗೆ ಇಂಜಿನ್ ಬಿಚ್ಚೋಕೆ ಬರ್ತದಾ?" ಅಂತ ಮೇಸ್ತ್ರಿಯನ್ನು ಎರಡು ಸಲ ಕೇಳುತ್ತೇವೆ.

ಮೊದಲು ಈ ರೂಟ್ ಕೆನಾಲ್ ಅಂದರೇನು ಅಂತ ನೋಡೋಣ. ಪಿಯುಸಿ ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೆ ಅರ್ಥವಾದದ್ದು ಓದುಗರಿಗೆ ಅರ್ಥವಾಗದೆ ಇರದು.

ಹಲ್ಲು ಮೇಲೆ ನೋಡಿದರೆ ಕಲ್ಲಿನ ಹಾಗೆ ಕಂಡರೂ ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ನರ, ರಕ್ತನಾಳ ಇರುವ ಮೆತ್ತನೆ ತಿರುಳು. ತಿರುಳು ಹಲ್ಲಿನ ತಲೆಯಿಂದ ಬೇರಿನ ತುದಿವರೆಗೆ ಸಣ್ಣ ಸಣ್ಣ ಕೊಳವೆಗಳಲ್ಲಿ ಇಳಿದಿರುತ್ತದೆ. ಹುಳುಕು ಕೊರೆಯುತ್ತಾ ಹೋಗಿ ತಿರುಳು ಮುಟ್ಟಿತೋ, ಶುರುವಾಯಿತು ಯಾತನೆ. ಕೊನೆಗೆ ತಿರುಳು ಸತ್ತು ಕೊಳೆಯುತ್ತದೆ. ಕೀವು ಬೇರಿನ ತುದಿಯಿಂದ ಎಲುಬಿಗೆ ಇಳಿದು ಮುಖ ಊದುತ್ತದೆ. ಆಗ ಇರುವುದು ಎರಡೇ ದಾರಿ. ಹಲ್ಲು ಕೀಳಬೇಕು. ಇಲ್ಲವೇ ಒಳಗಿನ ಕೊಳೆ ತೆಗೆದು, ತೊಳೆದು, ಗಾಳಿ ನೀರು ಹೋಗದ ಹಾಗೆ ತುಂಬಿ, ಮೇಲೆ ಟೋಪಿ ಹಾಕಿ ಹಲ್ಲನ್ನು ಉಳಿಸಿಕೊಳ್ಳಬೇಕು.

ನಡುವೆ ಒಂದು ಮಾತು. ಮೆಡಿಕಲ್ ಶಾಪಿಗೆ ಹೋಗಿ "ಹಲ್ಲುನೋವಿಗೆ ನಾಲ್ಕು ಗುಳಿಗೆ ಕೊಡ್ರಿ" ಅಂತ ಆಂಟಿಬಯೋಟಿಕ್ ನುಂಗುವ ಚಾಳಿ ನಮ್ಮಲ್ಲಿ ಬಹಳ. ತಿರುಳಿನ ಉರಿಯೂತದ ನೋವಿಗೆ ಅದು ಕೆಲಸ ಮಾಡುವುದಿಲ್ಲ. ಅಮೆರಿಕದ ದಂತ ವೈದ್ಯರ ಸಂಘವೇ 2019ರಲ್ಲಿ ಇದನ್ನು ಬರೆದು ಹೊರಡಿಸಿತು: ಜ್ವರವೋ ಹರಡುವ ಬಾವೋ ಇದ್ದರೆ ಬೇರೆ ಮಾತು, ಇಲ್ಲದಿದ್ದರೆ ಹಲ್ಲಿನ ಕೆಲಸವೇ ಮದ್ದು, ಗುಳಿಗೆಯಲ್ಲ ಅಂತ. ಗುಳಿಗೆ ಕೊಟ್ಟು ಕಳಿಸುವ ಡಾಕ್ಟರೂ, ಕೇಳಿ ಪಡೆಯುವ ನಾವೂ ಇಬ್ಬರೂ ತಿಳಿದಿರಬೇಕಾದದ್ದು ಇದು.

ಈಗ ಕೈಕೆಲಸದ ವಿಚಾರ. ಬೇರಿನೊಳಗಿನ ಕೊಳವೆ ಎಷ್ಟು ಸಣ್ಣದು ಅಂದರೆ, ಅದರೊಳಗೆ ಮೊದಲು ಬಿಡುವ 10 ನಂಬರಿನ ಫೈಲ್ ಎಂಬ ತಂತಿಯ ತುದಿ 0.10 ಮಿಲಿಮೀಟರ್. ಅಂದರೆ ಹೆಚ್ಚುಕಡಿಮೆ ನಮ್ಮ ತಲೆಗೂದಲಿನ ದಪ್ಪ. 15 ನಂಬರ್ ಅಂದರೆ 0.15. ನಂಬರಿಗೊಂದು ಬಣ್ಣದ ಹಿಡಿ: 10ಕ್ಕೆ ನೇರಳೆ, 15ಕ್ಕೆ ಬಿಳಿ, 20ಕ್ಕೆ ಹಳದಿ, 25ಕ್ಕೆ ಕೆಂಪು. ಕೊಳವೆ ನೆಟ್ಟಗಿದ್ದರೆ ಚಿಂತೆಯಿಲ್ಲ. ದವಡೆ ಹಲ್ಲಿನ ಬೇರು ಹುಣಸೆ ಬರಲಿನ ಹಾಗೆ ಬಾಗಿರುತ್ತದೆ. ಕೆಳಗಿನ ದವಡೆಯ ದೊಡ್ಡ ಹಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಕೊಳವೆ, ಕೆಲವರಿಗೆ ನಾಲ್ಕು. ಮೇಲಿನ ದವಡೆಯ ಮೊದಲ ದೊಡ್ಡ ಹಲ್ಲಿಗೆ ಬೇರು ಮೂರಾದರೂ ಅರ್ಧಕ್ಕಿಂತ ಹೆಚ್ಚು ಹಲ್ಲುಗಳಲ್ಲಿ ಕೊಳವೆ ನಾಲ್ಕು! ಆ ನಾಲ್ಕನೆಯದು ಒಂದು ಮೂಲೆಯಲ್ಲಿ ಕಳ್ಳನ ಹಾಗೆ ಅಡಗಿ ಕೂತಿರುತ್ತದೆ. ಹುಡುಕಿದವನಿಗೆ ಮಾತ್ರ ಸಿಗುತ್ತದೆ. ಸಿಗದೆ ಹೋದರೆ ಮೂರನ್ನು ತೊಳೆದು ನಾಲ್ಕನೆಯದರಲ್ಲಿ ಕೊಳೆ ಬಿಟ್ಟ ಹಾಗೆ. ಮೇಲೆ ಚೆಂದದ ಟೋಪಿ ಕೂಡುತ್ತದೆ, ದುಡ್ಡೂ ಹೋಗುತ್ತದೆ, ಆರು ತಿಂಗಳಿಗೋ ಎರಡು ವರ್ಷಕ್ಕೋ ಅದೇ ಹಲ್ಲು ಮತ್ತೆ ಊದುತ್ತದೆ. "ರೂಟ್ ಕೆನಾಲ್ ಮಾಡಿಸಿದ್ರೂ ಉಳೀಲಿಲ್ಲ ಕಣ್ರೀ, ಎಲ್ಲ ಮೋಸ" ಅಂತ ಬಸ್ ಸ್ಟ್ಯಾಂಡಿನಲ್ಲಿ ಹೇಳುವವರ ಪೈಕಿ ಕೆಲವರ ಕಥೆಯಾದರೂ ಇದೇ ಇರಬೇಕು. ಮೋಸ ಮಾಡಿರುವುದು ಆ ನಾಲ್ಕನೇ ಕೊಳವೆ!

ಈ ಕಸುಬಿನ ಇತಿಹಾಸವೂ ಕೈಕೆಲಸದ ಇತಿಹಾಸವೇ. 1838ರಲ್ಲಿ ಅಮೆರಿಕದ ಎಡ್ವರ್ಡ್ ಮೇನಾರ್ಡ್ ಎಂಬ ದಂತ ವೈದ್ಯ ಗಡಿಯಾರದ ಸ್ಪ್ರಿಂಗ್ ಉಜ್ಜಿ ಮೊದಲ ಬೇರುನಾಳದ ಸಲಕರಣೆ ಮಾಡಿಕೊಂಡ ಅಂತ ಆ ಶಾಸ್ತ್ರದ ಪುಸ್ತಕಗಳು ಬರೆಯುತ್ತವೆ. 1864ರಲ್ಲಿ ನ್ಯೂಯಾರ್ಕಿನ ಬಾರ್ನಮ್ ಎಂಬಾತ ಕೆಲಸ ಮಾಡುವ ಹಲ್ಲೊಂದನ್ನೇ ಹೊರಗೆ ಬಿಟ್ಟು ಉಳಿದ ಬಾಯಿ ಮುಚ್ಚುವ ರಬ್ಬರ್ ಹಾಳೆ ಕಂಡುಹಿಡಿದ. 1965ರಲ್ಲಿ ಅಮೆರಿಕದ ಮೂವರು ಸಂಶೋಧಕರು ಇಲಿಗಳ ಹಲ್ಲು ಕೊರೆದು ತಿರುಳು ತೆರೆದಿಟ್ಟು ನೋಡಿದರು. ಸಾಮಾನ್ಯ ಇಲಿಗಳ ತಿರುಳು ಕೊಳೆತು ಸತ್ತಿತು. ಹುಟ್ಟಿನಿಂದ ರೋಗಾಣುವೇ ಇಲ್ಲದೆ ಬೆಳೆಸಿದ ಇಲಿಗಳ ತಿರುಳು ಮಾತ್ರ ಸಾಯಲಿಲ್ಲ, ಗಾಯ ಮಾಯ್ದು ಮುಚ್ಚಿಕೊಳ್ಳತೊಡಗಿತು. ಖಳನಾಯಕ ಯಾರು ಅಂತ ಅಲ್ಲಿಗೆ ಇತ್ಯರ್ಥವಾಯಿತು: ರೋಗಾಣು. ಮುಂದೆ 1988ರಲ್ಲಿ ಹರ್ಮೀತ್ ವಾಲಿಯಾ ಮತ್ತು ಜೊತೆಗಾರರು ವಕ್ರದಂತ ಸರಿಪಡಿಸುವ ನಿಕ್ಕಲ್-ಟೈಟಾನಿಯಂ ತಂತಿಯಿಂದ ಫೈಲ್ ಮಾಡಿ ತೋರಿಸಿದರು. ಬಾಗಿದರೂ ಮುರಿಯದೆ ತಿರುಗಿ ನೆಟ್ಟಗಾಗುವ ಲೋಹ. ಅದನ್ನು ಮೋಟಾರಿಗೆ ಸಿಕ್ಕಿಸಿ ನಿಮಿಷಕ್ಕೆ ಸುಮಾರು 300 ಸುತ್ತು ತಿರುಗಿಸುವ ಯಂತ್ರ ಇವತ್ತು ತಾಲ್ಲೂಕು ಮಟ್ಟದ ಕ್ಲಿನಿಕ್ಕಿಗೂ ಬಂದಿದೆ.

ಯಂತ್ರ ಬಂತು. ಕೈ ಬಂತೇ?

ಈ ಹೊಸ ಲೋಹಕ್ಕೆ ಒಂದು ಕೆಟ್ಟ ಗುಣವಿದೆ. ಹಳೆಯ ಸ್ಟೀಲ್ ಫೈಲ್ ಮುರಿಯುವ ಮೊದಲು ಸುರುಳಿ ಬಿಚ್ಚಿಕೊಂಡು "ನನ್ನ ಕಥೆ ಮುಗೀತು" ಅಂತ ಹೇಳುತ್ತಿತ್ತು. ಇದು ಎಷ್ಟೋ ಸಲ ಏನೂ ಹೇಳುವುದಿಲ್ಲ. ಬಾಗಿದ ಬೇರಿನೊಳಗೆ ತಿರುಗುತ್ತಾ ತಿರುಗುತ್ತಾ ದಣಿದು ಟಿಕ್ ಅಂತ ಮುರಿದು ಒಳಗೇ ಕೂರುತ್ತದೆ. ಎಷ್ಟು ಒತ್ತಬೇಕು, ಯಾವಾಗ ಎತ್ತಬೇಕು, ಮೊದಲು ಕೈಯಿಂದ ಸಣ್ಣ ಫೈಲ್ ಬಿಟ್ಟು ಎಷ್ಟು ದಾರಿ ಮಾಡಬೇಕು, ಒಂದು ಫೈಲನ್ನು ಎಷ್ಟು ಹಲ್ಲಿಗೆ ಬಳಸಿ ಎಸೆಯಬೇಕು ಎಂಬುದು ಬೆರಳಿನ ತುದಿಗೆ ಗೊತ್ತಾಗಬೇಕು. ಸ್ಲೈಡ್ ನೋಡಿದ ಕಣ್ಣಿಗೆ ಗೊತ್ತಾದರೆ ಸಾಲದು.

ತೊಳೆಯುವ ಕೆಲಸವನ್ನೇ ನೋಡಿ. ಕೊಳವೆ ತೊಳೆಯಲು ಬಳಸುವುದು ಸೋಡಿಯಂ ಹೈಪೋಕ್ಲೋರೈಟ್. ದೊಡ್ಡ ಹೆಸರು, ಆದರೆ ಅಂಗಡಿಯಲ್ಲಿ ಬಟ್ಟೆ ಬಿಳಿ ಮಾಡಲು ಮಾರುವ ಬ್ಲೀಚಿನ ಜಾತಿಯೇ. ಕೊಳೆ ಕರಗಿಸಿ ರೋಗಾಣು ಕೊಲ್ಲಲು ಇಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಸೂಜಿ ಕೊಳವೆಯಲ್ಲಿ ಬಿಗಿಯಾಗಿ ಕೂತಿದ್ದಾಗ ಜೋರಾಗಿ ಒತ್ತಿದರೆ ಬೇರಿನ ತುದಿ ದಾಟಿ ಮಾಂಸಕ್ಕೆ ನುಗ್ಗುತ್ತದೆ. ಆ ಕ್ಷಣಕ್ಕೆ ಪ್ರಾಣ ಹೋಗುವ ಉರಿ, ನೋಡನೋಡುತ್ತಲೇ ಕೆನ್ನೆ ಊದಿ ಕಪ್ಪಗಾಗುತ್ತದೆ. ತಡೆಯುವ ಉಪಾಯ ಸುಲಭ. ಪಕ್ಕದಲ್ಲಿ ತೂತಿರುವ ಸೂಜಿ, ಬೇರಿನ ತುದಿಗೆ ಒಂದೆರಡು ಮಿಲಿಮೀಟರ್ ಹಿಂದೆಯೇ ನಿಲ್ಲಿಸುವುದು, ಸೂಜಿ ಅಲ್ಲಾಡುತ್ತಿರಬೇಕು, ಹೆಬ್ಬೆರಳ ಬದಲು ತೋರುಬೆರಳಲ್ಲಿ ಮೆಲ್ಲಗೆ ಒತ್ತುವುದು. ಓದಿದರೆ ಎರಡು ಸಾಲು. ಕೈಗೆ ಬರಬೇಕಾದರೆ ಹತ್ತಾರು ಹಲ್ಲು ಬೇಕು. ಆ ಹತ್ತಾರು ಹಲ್ಲು ನಮ್ಮ ಬಾಯಲ್ಲಿರಬೇಕೋ, ಕಲಿಯುವ ಮೇಜಿನ ಮೇಲಿರಬೇಕೋ ಎಂಬುದೇ ಈ ಲೇಖನದ ಪ್ರಶ್ನೆ.

ನಮ್ಮ ದೇಶದಲ್ಲಿ ಹಲ್ಲಿನ ಡಾಕ್ಟರಾಗಲು ಬಿ.ಡಿ.ಎಸ್. ಓದಬೇಕು. ನಾಲ್ಕು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಇನ್ನೂ ಮೂರು ವರ್ಷ ಎಂ.ಡಿ.ಎಸ್. ಓದಿ ಬೇರುನಾಳದ ವಿಷಯದಲ್ಲಿ ತಜ್ಞರಾಗುವವರು ಕೆಲವರು. ಉಳಿದವರೆಲ್ಲ ಜನರಲ್ ಡೆಂಟಿಸ್ಟ್‌ಗಳು. ಸಣ್ಣ ಊರುಗಳಲ್ಲಿ ರೂಟ್ ಕೆನಾಲ್ ಮಾಡುವವರು ಹೆಚ್ಚಾಗಿ ಇವರೇ. ಮಾಡಲು ಕಾನೂನಿನ ಅಡ್ಡಿಯೂ ಇಲ್ಲ, ಇರಲೂಬಾರದು. ಜಗಳೂರಿನ ರೈತನಿಗೆ ಬೆಂಗಳೂರಿನ ತಜ್ಞರ ಬಳಿ ಹೋಗು ಅನ್ನುವುದಕ್ಕಾಗುತ್ತದೆಯೇ? ಆದರೆ ಪದವಿ ಓದುವಾಗ ಇವರ ಕೈಗೆ ಸಿಗುವುದು ಬಹುಪಾಲು ಮುಂದಿನ ಹಲ್ಲು, ಒಂದೇ ನೆಟ್ಟನೆಯ ಕೊಳವೆ. ದವಡೆ ಹಲ್ಲು ಬಂದರೆ ಅದು ಎಂ.ಡಿ.ಎಸ್. ವಿದ್ಯಾರ್ಥಿಯ ಪಾಲು. ಹೀಗಾಗಿ ಬೋರ್ಡು ಹಾಕಿದ ದಿನ ಮೊದಲ ರೋಗಿ ದವಡೆ ಹಲ್ಲು ಹಿಡಿದುಕೊಂಡು ಬಂದಾಗ ಕೆಲವು ಡಾಕ್ಟರಿಗೆ ರೋಗಿಗಿಂತ ಜಾಸ್ತಿ ಎದೆ ಬಡಿದುಕೊಳ್ಳುತ್ತದೆ. ಅವರನ್ನು ದೂರಿ ಪ್ರಯೋಜನವಿಲ್ಲ. ಬಸ್ ಡ್ರೈವರನ್ನು ಬಯಲಿನಲ್ಲಿ ಜೀಪು ಓಡಿಸಲು ಕಲಿಸಿ ಸೀದಾ ಆಗುಂಬೆ ಘಾಟಿಗೆ ಬಿಟ್ಟರೆ ಅವನಾದರೂ ಏನು ಮಾಡಿಯಾನು?

ಇದಕ್ಕೊಂದು ಪರಿಹಾರವೆಂದೇ ಮುಂದುವರಿದ ದಂತ ಶಿಕ್ಷಣ ಎಂಬ ಏರ್ಪಾಡು ಬಂದದ್ದು. 1948ರ ಕಾಯ್ದೆಯಿಂದ ಹುಟ್ಟಿದ ಭಾರತೀಯ ದಂತ ಪರಿಷತ್ತು ಇದಕ್ಕೆ ನಿಯಮ ಮಾಡಿತು. ಡಾಕ್ಟರು ತರಗತಿಗೆ ಹೋದರೆ ಅಂಕ, ನೋಂದಣಿ ನಡೆಯಬೇಕಾದರೆ ಅಂಕ ಬೇಕು. ಆಲೋಚನೆ ಒಳ್ಳೆಯದೇ. ಆದರೆ ಅಂಕ ಬಂದಲ್ಲಿ ಅಂಕ ಗಿಟ್ಟಿಸುವ ದಾರಿಯೂ ಬರುತ್ತದಲ್ಲ ಸ್ವಾಮಿ! ಹೋಟೆಲಿನ ಎ.ಸಿ. ಹಾಲ್, ದೀಪ ಬೆಳಗುವುದು, ಹಾರ ತುರಾಯಿ, ಮುನ್ನೂರು ಕುರ್ಚಿ, ಮುಂದೆ ಪರದೆ. ಬೆಳಿಗ್ಗೆ ಸಹಿ, ಮಧ್ಯಾಹ್ನ ಊಟ, ಸಂಜೆ ಸರ್ಟಿಫಿಕೇಟು, ಕೈಗೊಂದು ಚೀಲ. ಪರದೆ ಮೇಲೆ ದೊಡ್ಡ ಊರಿನ ದೊಡ್ಡ ಡಾಕ್ಟರು ಸೂಕ್ಷ್ಮದರ್ಶಕ ಇಟ್ಟುಕೊಂಡು ಮಾಡಿದ ಚಮತ್ಕಾರಗಳು. ನೋಡಲು ಸಿನಿಮಾದ ಹಾಗೆ ಚೆಂದ. ಸಿನಿಮಾ ನೋಡಿ ಬಂದವರು ಫೈಟಿಂಗ್ ಕಲಿತಿರುವುದಿಲ್ಲ ಅಷ್ಟೆ.

ಹಾಗಂತ ಕೈಕೆಲಸದ ಕಾರ್ಯಾಗಾರಗಳು ಇಲ್ಲವೇ ಇಲ್ಲ ಅಂದರೆ ಸುಳ್ಳಾದೀತು. ಇವೆ. ಕಿತ್ತ ಹಲ್ಲುಗಳನ್ನು ಶುದ್ಧ ಮಾಡಿಟ್ಟು ಅದರ ಮೇಲೆ ಕಲಿಸುತ್ತಾರೆ. ಬಾಗಿದ ಕೊಳವೆಯಿರುವ ಗಾಜಿನಂಥ ಪ್ಲಾಸ್ಟಿಕ್ ಅಚ್ಚುಗಳಿವೆ, ಒಳಗೆ ಫೈಲ್ ಹೇಗೆ ಹೋಗುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಈಗ ಯಂತ್ರದಲ್ಲಿ ಮುದ್ರಿಸಿದ ಹಲ್ಲುಗಳೂ ಬಂದಿವೆ, ಇಪ್ಪತ್ತು ಜನಕ್ಕೂ ಒಂದೇ ಆಕಾರದ ಹಲ್ಲು ಕೊಟ್ಟು ಯಾರು ಹೇಗೆ ಮಾಡಿದರು ಅಂತ ಹೋಲಿಸಬಹುದು. ಗೊಂಬೆ ತಲೆಯ ಬಾಯಲ್ಲಿ ಕೂರಿಸಿದರಂತೂ ಕೆನ್ನೆ ಅಡ್ಡ ಬರುವುದು, ಕನ್ನಡಿಯಲ್ಲಿ ತಿರುಗುಮುರುಗಾಗಿ ಕಾಣುವುದು ಎಲ್ಲ ನಿಜವಾದ ಬಾಯಿಯ ಹಾಗೇ. ಹಲ್ಲು ಕೊರೆದು ತೂತು ಮಾಡುವುದು, ನಾಲ್ಕನೇ ಕೊಳವೆ ಹುಡುಕುವುದು, ಉದ್ದ ಅಳೆಯುವುದು, ತುಂಬುವುದು, ಆಮೇಲೆ ಎಕ್ಸ್‌ರೇ ತೆಗೆದು ಬಣ್ಣ ಬಯಲು ಮಾಡುವುದು. ತಪ್ಪಾದರೆ ನಷ್ಟ ಒಂದು ಸತ್ತ ಹಲ್ಲು ಮಾತ್ರ. ಯಾರ ಕೆನ್ನೆಯೂ ಊದುವುದಿಲ್ಲ.

ತೊಂದರೆ ಏನೆಂದರೆ ಇಂಥವು ದುಬಾರಿ, ಹೆಚ್ಚಾಗಿ ದೊಡ್ಡ ಊರಿನಲ್ಲಿ, ಎರಡು ದಿನದಲ್ಲಿ ಖತಂ. ಜೊತೆಗೆ ಎಷ್ಟೋ ಕಡೆ ಪ್ರಾಯೋಜಕರು ಫೈಲ್ ಮಾರುವ ಕಂಪನಿಯವರೇ. ಫೈಲ್ ಮಾರುವವರೇ ಮೇಷ್ಟ್ರನ್ನು ಕರೆತಂದರೆ ಪಾಠ ಯಾವುದರ ಬಗ್ಗೆ ಇರುತ್ತದೆ ಅಂತ ಅಂಗಡಿ ಇಟ್ಟ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. "ಈ ಒಂದೇ ಫೈಲ್ ಸಾಕು ಡಾಕ್ಟ್ರೇ, ಇಪ್ಪತ್ತು ನಿಮಿಷದಲ್ಲಿ ಮುಗೀತದೆ!" ಮುಗಿಯುತ್ತದೆ, ನಿಜ. ಆದರೆ ಕೊಳವೆಗೆ ಆಕಾರ ಕೊಡುವುದು ಬೇರೆ, ಅದನ್ನು ತೊಳೆಯುವುದು ಬೇರೆ. ಫೈಲ್ ಮುಟ್ಟದ ಮೂಲೆಗಳು ಒಳಗೆ ಎಷ್ಟೋ ಇರುತ್ತವೆ, ಅಲ್ಲಿಗೆ ಹೋಗುವುದು ನೀರು ಮಾತ್ರ, ನೀರಿಗೆ ಸಮಯ ಬೇಕು. ಬೇಗ ಮುಗಿಸುವ ಯಂತ್ರ ಬಂದದ್ದರಿಂದ ತೊಳೆಯುವ ಸಮಯವೂ ಉಳಿಯಿತು ಅಂದುಕೊಂಡರೆ ಅಲ್ಲೇ ಎಡವಟ್ಟು.

ರಬ್ಬರ್ ಹಾಳೆಯದು ಇನ್ನೊಂದು ಕಥೆ. 1864ರಿಂದ ಇದೆ, ಅಂಥ ದುಬಾರಿಯೂ ಅಲ್ಲ, ಪಠ್ಯಪುಸ್ತಕದ ಪ್ರಕಾರ ಅದಿಲ್ಲದೆ ರೂಟ್ ಕೆನಾಲ್ ಶುರುವೇ ಮಾಡಬಾರದು. ಎಂಜಲಿನ ರೋಗಾಣು ಒಳಗೆ ಹೋಗದು, ಫೈಲ್ ಜಾರಿ ಗಂಟಲಿಗೆ ಬೀಳದು, ಬ್ಲೀಚ್ ನಾಲಿಗೆಗೆ ತಾಗದು. ರೂಟ್ ಕೆನಾಲ್ ಮಾಡಿಸಿಕೊಂಡ ಓದುಗರು ನೆನಪು ಮಾಡಿಕೊಳ್ಳಿ, ನಿಮ್ಮ ಬಾಯಿಗೆ ಆ ಹಾಳೆ ಕಟ್ಟಿದ್ದರೇ? ಕಟ್ಟದವರಿಗೆ ಅದರ ಮಹತ್ವ ಗೊತ್ತಿಲ್ಲ ಅಂತಲ್ಲ. ಕಟ್ಟಿ ಅಭ್ಯಾಸವಿಲ್ಲ, ಹದಿನೈದು ನಿಮಿಷ ಒದ್ದಾಡಬೇಕು, ಹೊರಗೆ ಆರು ಜನ ಕಾಯುತ್ತಿದ್ದಾರೆ. ಕೈ ಪಳಗಿದರೆ ಎರಡು ಮೂರು ನಿಮಿಷದ ಕೆಲಸ. ಅಂದರೆ ಇಲ್ಲೂ ಸಮಸ್ಯೆ ಜ್ಞಾನದ್ದಲ್ಲ, ಕೈಯದು.

ಡಾಕ್ಟರ ಕಡೆಯ ಮಾತನ್ನೂ ಹೇಳದಿದ್ದರೆ ಅನ್ಯಾಯ. ಬಾಡಿಗೆ, ಕುರ್ಚಿಯ ಸಾಲದ ಕಂತು, ನರ್ಸಿನ ಸಂಬಳ. ಭಾನುವಾರ ಬಿಟ್ಟರೆ ಬಾಗಿಲು ಹಾಕುವ ಹಾಗಿಲ್ಲ. ನಾವೋ, ನೋವು ನಿಂತ ಕೂಡಲೇ ಎರಡನೇ ಸಲ ಆ ಕಡೆ ತಲೆ ಹಾಕುವುದಿಲ್ಲ. ಟೋಪಿ ಹಾಕಿಸಿ ಅಂದರೆ "ಮುಂದಿನ ತಿಂಗಳು ನೋಡೋಣ ಸಾರ್" ಅಂತೇವೆ. ತಿರುಳು ತೆಗೆದು ಕೊರೆದ ದವಡೆ ಹಲ್ಲು ಟೋಪಿಯಿಲ್ಲದೆ ಬಿಟ್ಟರೆ ಮಂಡಕ್ಕಿಯಲ್ಲಿ ಒಂದು ಕಲ್ಲು ಸಿಕ್ಕರೆ ಸಾಕು, ಉದ್ದಕ್ಕೆ ಸೀಳುತ್ತದೆ. ಸೀಳಿದ ಹಲ್ಲನ್ನು ಸಾಮಾನ್ಯವಾಗಿ ಕೀಳುವುದೇ ಗತಿ. ಮೇಲಿನ ಮುಚ್ಚಳ ಸೋರಿದರೆ ಒಳಗಿನ ಕೆಲಸ ಎಷ್ಟು ಚೆನ್ನಾಗಿದ್ದರೂ ರೋಗಾಣು ಮತ್ತೆ ಇಳಿಯುತ್ತದೆ. ಆ ತಪ್ಪು ನಮ್ಮದು, ಡಾಕ್ಟರದಲ್ಲ.

ಇನ್ನು ಬಡವರ ಮಾತು. ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತ ವೈದ್ಯರಿದ್ದಾರೆ. ಅಲ್ಲಿಗೆ ಹೋದವನ ಹಲ್ಲು ಬಹುಪಾಲು ಕೈಗೆ ಬರುತ್ತದೆ, ಬಾಯಲ್ಲಿ ಉಳಿಯುವುದಿಲ್ಲ. ನಮ್ಮ ರಾಜ್ಯದಲ್ಲಿ ಹತ್ತು ವರ್ಷದ ಹಿಂದೆ ದಂತಭಾಗ್ಯ ಅಂತ ಯೋಜನೆ ಮಾಡಿ ಹಲ್ಲಿಲ್ಲದ ಬಡ ವೃದ್ಧರಿಗೆ ಸೆಟ್ಟು ಕೊಟ್ಟರು. ಒಳ್ಳೆಯದೇ. ಆದರೆ ಇದ್ದ ಹಲ್ಲು ಉಳಿಸಲು ಸರಕಾರಿ ಡಾಕ್ಟರಿಗೆ ನಾಲ್ಕು ಭಾನುವಾರದ ತರಬೇತಿ, ಒಂದು ಪೆಟ್ಟಿಗೆ ಫೈಲು, ಉದ್ದ ಅಳೆಯುವ ಒಂದು ಯಂತ್ರ ಕೊಡಬೇಕು ಎಂಬ ಯೋಚನೆ ಯಾವ ಭಾಗ್ಯದ ಪಟ್ಟಿಯಲ್ಲೂ ಕಾಣಲಿಲ್ಲ. ನಲವತ್ತು ವರ್ಷದ ಕೂಲಿ ಹೆಂಗಸಿನ ದವಡೆ ಹಲ್ಲು ಕಿತ್ತು ಕಳಿಸಿ, ಅರವತ್ತಾದ ಮೇಲೆ ಸೆಟ್ಟು ಕೊಡುವ ಲೆಕ್ಕ ಯಾವ ಅಂಗಡಿಯವನೂ ಹಾಕಲಾರ!

ದಾವಣಗೆರೆಗೆ ಬೆಣ್ಣೆದೋಸೆಯಷ್ಟೇ ಕಾಲೇಜುಗಳೂ ಹೆಸರು ತಂದಿವೆ. ಒಂದಲ್ಲ, ಎರಡು ದಂತ ಕಾಲೇಜುಗಳಿವೆ ಇಲ್ಲಿ. ಬಹಳ ಜಿಲ್ಲೆಗಳಿಗೆ ಒಂದೂ ಇಲ್ಲ. ದಂತ ಕಾಲೇಜು ಅಂದಮೇಲೆ ಗೊಂಬೆ ತಲೆಗಳಿರುತ್ತವೆ, ಎಕ್ಸ್‌ರೇ ಇರುತ್ತದೆ, ಕಲಿಸಲು ಎಂ.ಡಿ.ಎಸ್. ಮೇಷ್ಟ್ರುಗಳಿರುತ್ತಾರೆ, ಕಿತ್ತ ಹಲ್ಲಿಗಂತೂ ಬರಗಾಲವಿಲ್ಲ. ಭಾನುವಾರ ವಿದ್ಯಾರ್ಥಿಗಳಿಗೆ ರಜೆ. ತಿಂಗಳಿಗೊಂದು ಭಾನುವಾರ ಹದಿನೈದು ಇಪ್ಪತ್ತು ಜನ ಜನರಲ್ ಡೆಂಟಿಸ್ಟ್‌ಗಳನ್ನು ಕರೆದು ಕೂರಿಸಲಿ. ಮುನ್ನೂರು ಜನ ಬೇಡ. ಮೊದಲ ವಾರ ಹಲ್ಲು ತೆರೆದು ಕೊಳವೆ ಹುಡುಕುವುದು, ಮುಂದಿನದರಲ್ಲಿ ಉದ್ದ ಅಳೆದು ಆಕಾರ ಕೊಡುವುದು, ಆಮೇಲೆ ತೊಳೆಯುವುದು, ತುಂಬುವುದು. ನಡುವಿನ ತಿಂಗಳಲ್ಲಿ ತಮ್ಮ ಕ್ಲಿನಿಕ್ಕಿನಲ್ಲಿ ಮಾಡಿದ ಕೆಲಸದ ಎಕ್ಸ್‌ರೇಗಳನ್ನು ರೋಗಿಯ ಹೆಸರು ಮುಚ್ಚಿ ತಂದು ಎಲ್ಲರ ಮುಂದೆ ಇಡಲಿ. ಮೇಷ್ಟ್ರು ನೋಡಿ "ಇಲ್ಲಿ ಒಂದು ಮಿಲಿಮೀಟರ್ ಕಡಿಮೆ ಬಿತ್ತು, ಇಲ್ಲಿ ತುದಿ ದಾಟಿತು" ಅಂತ ಹೇಳಲಿ. ಇದು ಎರಡು ದಿನದ ಜಾತ್ರೆಯಲ್ಲಿ ಆಗದ ಕೆಲಸ. ಕೊನೆಯಲ್ಲಿ ಸಹಿ ನೋಡಿ ಅಂಕ ಕೊಡುವುದು ಬಿಟ್ಟು, ಮಾಡಿದ ಹಲ್ಲಿನ ಎಕ್ಸ್‌ರೇ ನೋಡಿ ಕೊಡಲಿ. ಪರಿಷತ್ತಿನ ಜಾಗಕ್ಕೆ ರಾಷ್ಟ್ರೀಯ ದಂತ ಆಯೋಗ ತರಲು 2023ರಲ್ಲಿ ಹೊಸ ಕಾಯ್ದೆಯೇ ಆಗಿದೆ. ಅಂಕದ ಒಂದು ಪಾಲು ಕೈಕೆಲಸದಿಂದಲೇ ಬರಬೇಕು ಅಂತ ಒಂದು ಸಾಲು ಬರೆದರೆ ಯಾರ ಗಂಟೂ ಹೋಗುವುದಿಲ್ಲ.

ಖರ್ಚು ಯಾರದು ಅಂತ ಕೇಳುತ್ತೀರಿ. ಡಾಕ್ಟರು ಫೀ ಕೊಡಲಿ, ಹೋಟೆಲ್ ಬಾಡಿಗೆಯೂ ಊಟದ ಚೀಲವೂ ಇಲ್ಲದಿದ್ದರೆ ಅದು ಕಡಿಮೆಯೇ ಆಗುತ್ತದೆ. ತಾಲ್ಲೂಕು ಆಸ್ಪತ್ರೆಯವರದ್ದನ್ನು ಸರಕಾರ ಕಟ್ಟಲಿ. ಕಂಪನಿಯವರು ಫೈಲ್ ಕೊಡುತ್ತೇವೆಂದರೆ ತೆಗೆದುಕೊಳ್ಳಲಿ, ಆದರೆ ಒಂದಲ್ಲ ಮೂರು ನಾಲ್ಕು ಕಂಪನಿಯದು ಮೇಜಿನ ಮೇಲಿರಲಿ, ಮೈಕು ಮಾತ್ರ ಮೇಷ್ಟ್ರ ಕೈಯಲ್ಲೇ ಇರಲಿ.

ಅಲ್ಲಿಯವರೆಗೆ ರೋಗಿಗಳಾದ ನಾವು ಮಾಡಬಹುದಾದದ್ದು ಇಷ್ಟು. ಕುರ್ಚಿ ಮೇಲೆ ಮಲಗುವ ಮೊದಲು ರಬ್ಬರ್ ಹಾಳೆ ಹಾಕುತ್ತೀರಾ ಅಂತ ಕೇಳಿ. ಮುಗಿದ ಮೇಲೆ ಎಕ್ಸ್‌ರೇ ತೋರಿಸಿ ಅನ್ನಿ; ತುಂಬಿದ್ದು ಬೆಳ್ಳಗೆ ಗೆರೆಯಾಗಿ ಕಾಣುತ್ತದೆ, ಬೇರಿನ ತುದಿಯ ಹತ್ತಿರದವರೆಗೆ ಹೋಗಿದೆಯೋ ಅರ್ಧಕ್ಕೇ ನಿಂತಿದೆಯೋ ಅಂತ ಬರಿಗಣ್ಣಿಗೇ ಗೊತ್ತಾಗುತ್ತದೆ. ಫೈಲ್ ಒಳಗೆ ಮುರಿದರೆ ಹೇಳಿ ಅಂತ ಮೊದಲೇ ಹೇಳಿಡಿ. ಒಳ್ಳೆಯ ತಜ್ಞರ ಕೈಯಲ್ಲೂ ಮುರಿಯುತ್ತದೆ, ಮುರಿದದ್ದೆಲ್ಲ ಹಲ್ಲಿಗೆ ಕೇಡಲ್ಲ. ಹೇಳದೆ ಮುಚ್ಚಿ ಟೋಪಿ ಹಾಕುವುದು ಕೇಡು. ಬೇರು ತೀರಾ ವಕ್ರವಾಗಿದ್ದರೆ "ಇದು ನನ್ನ ಕೈಗೆ ಮೀರಿದ್ದು, ತಜ್ಞರ ಹತ್ತಿರ ಹೋಗಿ" ಅನ್ನುವ ಡಾಕ್ಟರು ನಮ್ಮ ಊರಿನಲ್ಲೂ ಇದ್ದಾರೆ. ಅಂಥವರನ್ನು "ಇವ್ರಿಗೆ ಬರಲ್ಲ" ಅಂತ ಆಡಿಕೊಳ್ಳದೆ, ಮುಂದಿನ ಸಲ ಹಲ್ಲು ಕ್ಲೀನ್ ಮಾಡಿಸಲು ಅವರ ಬಳಿಯೇ ಹೋಗಿ.